ಚಂದ್ರನ ಕುಳಿ, ಕಾವಲಿನ ಹುಲ್ಲು

ಸೃಷ್ಟಿಯ ಬೆರಗನ್ನು ಕುರಿತು ನಮ್ಮ ಪತ್ರಿಕೆಗೆ ಬರೆದು ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಬರಹಗಳನ್ನು ಜೋಡಿಸಿಟ್ಟುಕೊಂಡು ನೋಡಿದರೆ ಮುಕ್ಕಾಲು ಪಾಲು ಮಲೆನಾಡಿನವು. ಜೋಗ, ಕೊಡಚಾದ್ರಿ, ಆಗುಂಬೆಯ ಸೂರ್ಯಾಸ್ತ, ಮಂಜು, ಜಿಗಣೆ. ಮಿಕ್ಕವು ಕಡಲ ತೀರದವು. ಬರೆದವರನ್ನು ದೂರುವ ಹಾಗಿಲ್ಲ. ಕುವೆಂಪು, ಕಾರಂತ, ತೇಜಸ್ವಿಯವರನ್ನು ಓದಿ ಬೆಳೆದ ನಮಗೆ ವಿಸ್ಮಯ ಎಂದರೆ ಕಾಡೇ ಕಣ್ಣಿಗೆ ಕಟ್ಟುತ್ತದೆ. ಮಳೆ ಹೆಚ್ಚಾಗಿ ಬಿದ್ದಲ್ಲಿ ದೇವರೂ ಹೆಚ್ಚಾಗಿ ಇದ್ದಾನೆ ಎಂಬ ಲೆಕ್ಕವೊಂದು ನಮ್ಮ ಸಾಹಿತ್ಯದೊಳಗೆ ಹೇಗೋ ಸೇರಿಕೊಂಡುಬಿಟ್ಟಿದೆ.

ಅದಕ್ಕೇ ಈ ಸಲ ನನ್ನ ಪುಟವನ್ನು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿಗೆ ಬಿಟ್ಟುಕೊಟ್ಟಿದ್ದೇನೆ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ಸೀಮೆ ಇದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲು. ಬೇಸಿಗೆಯಲ್ಲಿ ಹಾದುಹೋದವರು ಬರೀ ಬೀಳು ಅಂದುಕೊಂಡು ಮುಂದೆ ಸಾಗುತ್ತಾರೆ. ಬಯಲು ಎಂದ ತಕ್ಷಣ ಅಲ್ಲಮನನ್ನು ಎಳೆದು ತರುವುದು ನಮ್ಮಂಥ ಸಂಪಾದಕರಿಗೆ ಅಂಟಿದ ಚಾಳಿ. ಈ ಬಯಲಲ್ಲಿ ದನ ಮೇಯುತ್ತವೆ, ಸದ್ಯಕ್ಕೆ ಅಷ್ಟು ಸಾಕು.

ಮಳೆಗಾಲ ಕಳೆದು ಹುಲ್ಲು ಬಲಿತ ಹೊತ್ತಿನಲ್ಲಿ ಇಂಥ ಕಾವಲಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಪಂಚೆಯ ಅಂಚಿಗೆಲ್ಲ ಈಟಿಯಂಥ ಬೀಜಗಳು ಚುಚ್ಚಿಕೊಳ್ಳುತ್ತವೆ. ಬೈದುಕೊಂಡು ಕಿತ್ತೆಸೆಯುವ ಮುಂಚೆ ಒಂದನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟು ನೋಡಬೇಕು. ಹುರಿಗೊಂಡಿರುವ ಅದರ ಉದ್ದನೆಯ ಊಬು ತೇವ ತಾಗುತ್ತಲೇ ತಿರುಗುತ್ತಾ ಬಿಚ್ಚಿಕೊಳ್ಳುತ್ತದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ರಾತ್ರಿಯ ಇಬ್ಬನಿಗೆ ಒಂದು ಸುತ್ತು, ಹಗಲ ಬಿಸಿಲಿಗೆ ಇನ್ನೊಂದು ಸುತ್ತು. ಹೀಗೇ ಬೀಜ ತನ್ನಷ್ಟಕ್ಕೆ ತಾನೇ ನೆಲವನ್ನು ಕೊರೆದುಕೊಂಡು ಒಳಗಿಳಿಯುತ್ತದೆ. ತುದಿಯಲ್ಲಿ ಹಿಮ್ಮುಖವಾಗಿ ಬಾಗಿದ ಸಣ್ಣ ರೋಮಗಳಿರುವುದರಿಂದ ಇಳಿದದ್ದು ವಾಪಸು ಮೇಲೆ ಬರುವುದಿಲ್ಲ. ಊಬಿನಲ್ಲಿ ಜೀವವಿಲ್ಲ, ಅದು ಸತ್ತ ನಾರು. ಅದರ ಪದರಗಳು ತೇವಕ್ಕೆ ಒಂದೇ ಸಮ ಹಿಗ್ಗುವುದಿಲ್ಲ, ಆದ್ದರಿಂದ ತಿರುಚಿಕೊಳ್ಳುತ್ತದೆ ಎಂದು ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ. ಆ ವಿವರಣೆ ಓದಿದ ಮೇಲೆ ನನ್ನ ಬೆರಗು ಇನ್ನೂ ಜಾಸ್ತಿಯಾಯಿತು. ಗೊತ್ತಾದದ್ದರ ಮುಂದೆ ಕೈಮುಗಿಯುವುದು ಹೇಗೆ ಎಂದು ಕೇಳುವವರು ಈ ಬೀಜವನ್ನು ಒಮ್ಮೆ ನೆನೆಸಿ ನೋಡಲಿ.

ಇದೇ ಉಳ್ಳಾರ್ತಿಯಲ್ಲಿ ಇಸ್ರೋ ಚಂದ್ರನ ನೆಲವನ್ನು ಮಾಡಿತು. 2016ರಲ್ಲಿ ಇಲ್ಲಿ ಕೃತಕ ಕುಳಿಗಳನ್ನು ತೋಡಿ, ಸಣ್ಣ ವಿಮಾನವೊಂದರಲ್ಲಿ ಸೆನ್ಸರುಗಳನ್ನಿಟ್ಟು ಮೇಲೆ ಹಾರಿಸಿ, ಚಂದ್ರಯಾನ-2ರ ಲ್ಯಾಂಡರ್ ಗುಂಡಿ ಯಾವುದು, ಸಮತಟ್ಟು ಯಾವುದು ಎಂದು ಗುರುತಿಸಬಲ್ಲದೇ ಎಂದು ಪರೀಕ್ಷಿಸಿದರು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. ಚಂದ್ರಯಾನ-3ಕ್ಕೆ ಮತ್ತೆ ಕುಳಿಗಳು ಬೇಕಾದಾಗ ನೋಡಿದರೆ ಹಳೆಯವು ಆಕಾರ ಕಳೆದುಕೊಂಡಿದ್ದವು, ಕಳೆಯೂ ಮಣ್ಣೂ ತುಂಬಿಕೊಂಡಿದ್ದವು. 2020ರಲ್ಲಿ ಹೊಸ ಕುಳಿ ತೋಡಿಸಲು ಇಸ್ರೋ ಮುಂದಾಯಿತು.

ಈ ಸಂಗತಿಯಷ್ಟು ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸುದ್ದಿ ಈಚೆಗೆ ಇಲ್ಲ. ಚಂದ್ರನ ಮೇಲಿನ ಕುಳಿ ಕೋಟ್ಯಂತರ ವರ್ಷ ಇದ್ದ ಹಾಗೇ ಇರುತ್ತದೆ. ಅಲ್ಲಿ ಗಾಳಿಯಿಲ್ಲ, ಹನಿ ಮಳೆಯಿಲ್ಲ, ಒಂದು ಬೇರಿಲ್ಲ. ಇಲ್ಲಿ, ಮಳೆಯೇ ಬಾರದು ಎಂದು ನಾವು ಮರುಗುವ ನೆಲದಲ್ಲಿ, ಬಿದ್ದ ನಾಲ್ಕು ಹನಿಯೇ ಐದು ವರ್ಷದೊಳಗೆ ಗುಂಡಿ ಮುಚ್ಚಲು ಸಾಕಾಯಿತು. ಬೀಳು ಎನ್ನುವ ನೆಲಕ್ಕೆ ಎಷ್ಟು ಜೀವವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಮೆತ್ತಗೆ ಇಳಿದಾಗ ಎಲ್ಲರಂತೆ ನಾನೂ ಟಿವಿ ಮುಂದೆ ಚಪ್ಪಾಳೆ ಹೊಡೆದೆ. ಚಪ್ಪಾಳೆಯ ಒಂದಿಷ್ಟು ಪಾಲು ಆ ಕಳೆಗಿಡಗಳಿಗೂ ಸಲ್ಲಬೇಕಿತ್ತು.

ನಂಬಿಕೆಯ ವಿಚಾರದಲ್ಲಿ ನಾನು ಅರೆಮನಸ್ಸಿನವನು. ಹರಕೆ ಹೊರುವುದಿಲ್ಲ, ಗುಡಿಯ ಮುಂದೆ ಹಾದರೆ ಕೈ ಮಾತ್ರ ತಾನಾಗಿ ಎದೆಗೆ ಹೋಗುತ್ತದೆ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳ ಮುಂದೆ ನನ್ನ ಅನುಮಾನಗಳು ಮೆತ್ತಗಾಗುತ್ತವೆ. ಒಂದೊಂದು ದೇವರ ಹೆಸರಿನಲ್ಲಿ ಒಂದೊಂದು ಹಿಂಡು, ಅದನ್ನು ಕಾಯಲು ಕಿಲಾರಿ. ಆ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಸತ್ತರೆ ಮನೆಯವರು ಸತ್ತ ಹಾಗೆ ಶಾಸ್ತ್ರ ಮಾಡಿ ಹೂಳುತ್ತಾರೆ. ಬರ ಬಂದಾಗ, ತಮ್ಮ ಮನೆಯ ದನಕ್ಕೇ ಮೇವಿಲ್ಲದ ವರ್ಷದಲ್ಲೂ, ದೇವರ ಎತ್ತಿಗೆ ಹುಲ್ಲು ಹೊಂದಿಸಲು ಓಡಾಡುತ್ತಾರೆ. ಲಾಭ ನಷ್ಟದ ಪುಸ್ತಕದಲ್ಲಿ ಇದಕ್ಕೆ ಯಾವ ಕಾಲಮ್ಮೂ ಇಲ್ಲ. ಸೃಷ್ಟಿಯಲ್ಲಿ ಒಂದು ಪಾಲು ನಮ್ಮ ಕೆಲಸಕ್ಕೆ ಬಂದದ್ದಲ್ಲ ಎಂದು ಒಪ್ಪಿಕೊಂಡು, ಅದರ ಖರ್ಚನ್ನೂ ತಾವೇ ಹೊತ್ತುಕೊಳ್ಳುವುದು: ನನಗೆ ಅರ್ಥವಾಗುವ ಭಕ್ತಿ ಇದೊಂದೇ. ಬೆರಗಿನ ಬಗ್ಗೆ ಚೆಂದವಾಗಿ ಬರೆಯುವುದು ನಮಗೆಲ್ಲ ಬರುತ್ತದೆ. ಅದಕ್ಕಾಗಿ ಏನನ್ನು ಮುಟ್ಟದೆ ಬಿಟ್ಟಿದ್ದೇವೆ ಎಂದು ಯಾರಾದರೂ ಕೇಳಿದರೆ ಪೆನ್ನು ನಿಲ್ಲುತ್ತದೆ.

ಇನ್ನು ಕಾವಲಿನ ಇತ್ತೀಚಿನ ಕಥೆ. 2009ರ ಆಸುಪಾಸಿನಿಂದ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ಹಳ್ಳಿಯವರ ವಿರೋಧ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು, ಗೋಡೆಗಳೂ ಎದ್ದವು. ವಿಜ್ಞಾನದ ಮೇಲೆ ನನಗೆ ಮುನಿಸಿಲ್ಲ. ಆಕಾಶ ನೋಡಿ ಬೆರಗಾದವರೇ ರಾಕೆಟ್ ಕಟ್ಟುವುದು. ಆದರೆ ಅವರ ಬೆರಗಿಗೆ ಸೆಕ್ಯೂರಿಟಿ ಗೇಟಿದೆ, ದೇವರ ಎತ್ತಿಗೆ ಯಾರೂ ಪಾಸ್ ಕೊಡುವುದಿಲ್ಲ. ಕಾವಲು ಕಡಿಮೆಯಾದಷ್ಟೂ ಕುರಿ ದನಗಳ ದಾರಿ ಸುತ್ತುಬಳಸಾಗುತ್ತದೆ, ಮೇವಿನ ಹುಡುಕಾಟ ಉದ್ದವಾಗುತ್ತದೆ.

ಈ ಸೀಮೆ ಮೂಕವೇನೂ ಅಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದವರು. ಪುರ್ಲೆಹಳ್ಳಿಯ ಬಳಿ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ದೇವರಿಗೆ ಕಟ್ಟುವುದು ಬಾರೆಮುಳ್ಳಿನ ಗುಡಿ. ಅದರ ತುದಿಯ ಕಳಶ ಇಳಿಸಲು ಬರಿಗಾಲಲ್ಲಿ ಮುಳ್ಳು ಹತ್ತುತ್ತಾರೆ. ನೆಲ ಏನು ಕೊಟ್ಟಿತೋ ಅದರಲ್ಲೇ ಗುಡಿ.

ಇವನ್ನು ಹತ್ತಿರದಿಂದ ಕಂಡು ಬರೆಯಬಲ್ಲ ಮೇಷ್ಟ್ರುಗಳು, ಹುಡುಗರು, ಹೆಣ್ಣುಮಕ್ಕಳು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅವರಿಗೆಂದು ಪುಟಗಳನ್ನು ಖಾಲಿ ಇಟ್ಟಿದ್ದೇವೆ. ಕಿಲಾರಿಯ ಒಂದು ದಿನ, ಹಟ್ಟಿಯ ಮಳೆ ಶಕುನ, ಕಾವಲಿನ ಹುಲ್ಲುಗಳಿಗೆ ನಿಮ್ಮೂರಲ್ಲಿರುವ ಹೆಸರು, ಯಾವುದಾದರೂ ಸರಿ. ಜೋಗದ ಮೇಲೆ ಬರೆದವರು ಮುನಿಸಿಕೊಳ್ಳಬಾರದು. ಆ ಬರಹಗಳು ಮಳೆಗಾಲದ ಸಂಚಿಕೆಗೆ ಬರುತ್ತವೆ.