ಒಂದು ತುದಿ ಹಳೆಯದಿರಲಿ

ಕಕ್ಕಬೆಯ ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನೇ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಆಸರೆ ಕೊಟ್ಟವನು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕಥೆ 1792ಕ್ಕೆ ಹೋಗುವುದು ಹಾಗೆ. ಅಂದು ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಇಂದು ಈ ಸೀಮೆಯ ಕಾಫಿ ತೋಟಗಳಲ್ಲಿ ಕೊಂಕಣಿ, ಮಲಯಾಳ, ತಮಿಳು ಮನೆಮಾತಿನ ಕಥೋಲಿಕರನ್ನು ಒಟ್ಟಿಗೆ ಹಾಡಿಸಬಲ್ಲದ್ದು ಕನ್ನಡ. ಆ ಹಾಡು ಹೇಗಿರಬೇಕೆಂಬ ಪ್ರಶ್ನೆ ಅದಕ್ಕೇ ದೊಡ್ಡದು.

ಹೊಸ ಸ್ವರಸಂಯೋಜಕರ ಪರವಾಗಿ ಬಲವಾದ ಮಾತಿದೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ವಿಶ್ವಸಭೆ ದೇಶಭಾಷೆಯ ಆರಾಧನೆಗೆ ದಾರಿ ತೆರೆಯಿತು. ಆಯಾ ನಾಡಿನ ಸಂಗೀತಕ್ಕೆ ತಕ್ಕ ಸ್ಥಾನ ಸಿಗಬೇಕೆಂದೂ ಹೇಳಿತು. ಪಾಶ್ಚಾತ್ಯ ಧಾಟಿಗೆ ಕನ್ನಡ ಮಾತನ್ನು ಹೊಂದಿಸಿದಾಗ ಹ್ರಸ್ವ ದೀರ್ಘವಾಗುತ್ತದೆ. 'ಬಿಡು' ಎಂಬುದು 'ಬೀಡು' ಎಂದು ಕೇಳಿಸುತ್ತದೆ. ಕನ್ನಡದ ಮಾತ್ರೆಗೆ ಕಿವಿಗೊಟ್ಟು ಹೊಸದಾಗಿ ಕಟ್ಟಿದ ರಾಗದಲ್ಲಿ ಈ ತೊಡಕಿಲ್ಲ. ಭಾವಗೀತೆ, ಚಿತ್ರಗೀತೆ ಕೇಳಿ ಬೆಳೆದ ಹುಡುಗರು ಗಿಟಾರು, ಕೀಬೋರ್ಡು ಹಿಡಿದು ಪೀಠದ ಹತ್ತಿರ ಬರುವುದೂ ಭಕ್ತಿಯೇ.

ಹಳೆಯದನ್ನು ಕಾಯುವವರ ಆತಂಕವೂ ಹುಸಿಯಲ್ಲ. ಅದೇ ವಿಶ್ವಸಭೆ ಗ್ರೆಗೋರಿಯನ್ ಗಾನಕ್ಕೆ ಹಿರಿಯ ಸ್ಥಾನ ಉಳಿಸಿತು. ಹಾಡಿನ ಮಾತು ಮುಖ್ಯವಾಗಿ ಧರ್ಮಗ್ರಂಥದಿಂದ, ಆರಾಧನಾ ವಿಧಿಯಿಂದ ಬರಬೇಕೆಂದಿತು. ಕಾಣಿಕೆ ಗೀತೆ ಕೇಳುವಾಗ ಸಿನಿಮಾದ ನಾಯಕ ನಾಯಕಿ ಕಣ್ಮುಂದೆ ಬಂದರೆ ಮನಸ್ಸು ಪೀಠದ ಮೇಲೆ ನಿಲ್ಲದು. ಉದ್ದುದ್ದದ ವಾದ್ಯಭಾಗ, ತಾರಸ್ಥಾಯಿಯ ಚರಣ ಬಂದರಂತೂ ಹಿಂದಿನ ಬೆಂಚಿನ ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಗಾಯನ ಮಂಡಳಿ ಹಾಡುತ್ತದೆ, ಸಭೆ ಕೇಳುತ್ತದೆ.

ನನಗೆ ದಾರಿ ಕಾಣುವುದು ನೆರೆಮನೆಯಲ್ಲಿ. ಕೊಡವರ ಬಾಳೋಪಾಟಿನಲ್ಲಿ ನಾಲ್ವರು ದುಡಿ ಹಿಡಿದು ಹಾಡುವಾಗ ಧಾಟಿ ತಲೆಮಾರುಗಳದ್ದು, ಮಾತು ಆ ಮನೆಗೆ, ಆ ದಿನಕ್ಕೆ ಒಪ್ಪುವಂಥದ್ದು. ಒಂದು ತುದಿ ಗಟ್ಟಿಯಾಗಿ ಊರಿರುವುದರಿಂದಲೇ ಇನ್ನೊಂದು ತುದಿ ಧೈರ್ಯವಾಗಿ ಆಡುತ್ತದೆ. ಪೂಜೆಯ ಹಾಡಿನಲ್ಲಿ ಇದು ತಿರುಗುಮುರುಗಾಗಲಿ: ಮಾತು ಬೈಬಲ್ಲಿನ ಕೀರ್ತನೆಗಳಷ್ಟು ಹಳೆಯದಿರಲಿ, ರಾಗ ಎಷ್ಟು ಬೇಕಾದರೂ ಹೊಸದಾಗಲಿ. ಆದರೆ ಭಾನುವಾರ ಕಲಿತದ್ದನ್ನು ಸೋಮವಾರ ಕಾಫಿ ಕೊಯ್ಯುತ್ತಾ ಒಂಟಿಯಾಗಿ, ವಾದ್ಯವಿಲ್ಲದೆ ಹಾಡಿಕೊಳ್ಳಲು ಬರುವಂತಿರಲಿ.