ಸಣ್ಣ ಕಂಪನಗಳು ಏನು ಹೇಳುತ್ತವೆ?



ಮೊನ್ನೆ ಗೋವಿನಕೋವಿಯಲ್ಲಿ ಜಗಲಿಯ ಮೇಲೆ ಕೂತಿದ್ದಾಗ ಮಾತು ಗಡಿಕೇಶ್ವರದತ್ತ ಹೊರಳಿತು. ಚಿಂಚೋಳಿ ತಾಲ್ಲೂಕಿನ ಆ ಊರಿನಲ್ಲಿ 2021ರ ಅಕ್ಟೋಬರ್‌ನಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದರು. "ಸಣ್ಣಸಣ್ಣದಾಗಿ ಆಗಿಹೋದ್ರೆ ಒಳ್ಳೇದಲ್ವಾ ಸಾರ್, ಒಳಗಿನ ಶಕ್ತಿ ಕಳೆದುಹೋಗುತ್ತೆ" ಎಂದರೊಬ್ಬರು. ಇನ್ನೊಬ್ಬರು ದೊಡ್ಡದು ಬರುವ ತಿಥಿಯನ್ನೇ ಜ್ಯೋತಿಷಿಯಿಂದ ಕೇಳಿ ಬಂದಿದ್ದರು. ತಿಥಿಯ ಮಾತಿಗೆ ಶರಣರು ಅಂದೇ ಉತ್ತರ ಕೊಟ್ಟಿದ್ದಾರೆ, ಬಿಡಿ. ಮೊದಲನೆಯ ಮಾತು ವಿಜ್ಞಾನದ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯ.

ಲೆಕ್ಕ ನೋಡಿ. ಮಾಪಕದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 6ರ ಒಂದು ಭೂಕಂಪದ ಶಕ್ತಿ ಕಳೆಯಬೇಕಾದರೆ 4ರವು ಸುಮಾರು ಸಾವಿರ ಆಗಬೇಕು. ಆದರೆ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಕಂಡುಕೊಂಡ ಸೂತ್ರದಂತೆ, ಒಂದು ಅಂಕ ಇಳಿದಾಗ ಕಂಪನಗಳ ಸಂಖ್ಯೆ ಹೆಚ್ಚುವುದು ಹತ್ತು ಪಟ್ಟು ಮಾತ್ರ. ಅಂದರೆ 6ರ ಒಂದಕ್ಕೆ 4ರವು ನೂರು. ಸಾಲ ತೀರುವುದಿಲ್ಲ. ಇದೇ ಸೂತ್ರದಿಂದ, ಹಲವು ವರ್ಷ ಸಣ್ಣವನ್ನು ಎಣಿಸಿ, ದೊಡ್ಡದು ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಬರಬಹುದೆಂದು ಅಂದಾಜಿಸುತ್ತಾರೆ. ಸೇತುವೆ ಕಟ್ಟುವಾಗ ನಾವು ನೂರು ವರ್ಷದ ಪ್ರವಾಹದ ಲೆಕ್ಕ ಹಾಕುತ್ತಿದ್ದ ಹಾಗೆ. ಯಾವ ವರ್ಷ ಎಂದು ಆ ಲೆಕ್ಕ ಹೇಳುವುದಿಲ್ಲ.

ಹಾಗಾದರೆ ಸಣ್ಣ ಕಂಪನ ಎಚ್ಚರಿಕೆಯೇ ಅಲ್ಲವೇ? ಕಿಲ್ಲಾರಿಯಲ್ಲಿ 1992ರಲ್ಲಿ ಕಂಪನಗಳ ಸರಣಿಯೇ ಆಯಿತು, ಆಮೇಲೆ ತಣ್ಣಗಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2ರ ಭೂಕಂಪ ಬಂದು ಹತ್ತಿರ ಹತ್ತು ಸಾವಿರ ಜನ ಸತ್ತರು. ಗಡಿಕೇಶ್ವರದಲ್ಲಿ, 2022ರಲ್ಲಿ ನಡುಗಿದ ಕೊಡಗಿನಲ್ಲಿ, ಅಂಥದ್ದೇನೂ ಹಿಂದೆಯೇ ಬರಲಿಲ್ಲ. 'ಮುನ್ಸೂಚನೆಯ ಕಂಪನ' ಎಂಬ ಹೆಸರು ದೊಡ್ಡದು ಬಂದ ಮೇಲೆಯೇ ಸಿಗುವುದು.

ಕಿಲ್ಲಾರಿಯ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಬಾಗಿಲ ಮೇಲಿನ ಮಟ್ಟದಲ್ಲಿ ಗೋಡೆಯನ್ನು ಸುತ್ತಲೂ ಬಿಗಿಯುವ ಒಂದು ಕಾಂಕ್ರೀಟ್ ಪಟ್ಟಿ ಇದ್ದರೆ ಗೋಡೆ ಬಿಚ್ಚಿ ಬೀಳುವುದು ಬಹಳಷ್ಟು ತಪ್ಪುತ್ತದೆ. ಹೇಳಲು ನಾಚಿಕೆ: ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಶಾಲೆಯ ಅಂದಾಜು ಪಟ್ಟಿ ಮಿತಿ ಮೀರಿತೆಂದು ನಾನೇ ಆ ಪಟ್ಟಿಯನ್ನು ಹೊಡೆದುಹಾಕಿದ್ದೆ. "ನಮ್ಮದು ಅಪಾಯ ಕಡಿಮೆಯ ವಲಯ" ಎಂದು ಬರೆದು ಸಹಿಯನ್ನೂ ಮಾಡಿದೆ. ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು.

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ, ಹಳೆಯ ಶಾಲೆಗಳಲ್ಲಿ ಸಾವಿರಾರು ಮಕ್ಕಳು ಮಲಗುತ್ತಾರೆ, ಓದುತ್ತಾರೆ. ಭೂಮಿ ನಡುಗುವವರೆಗೆ ಕಾಯದೆ ಅವುಗಳ ಗೋಡೆ, ಮಾಳಿಗೆ ಪರೀಕ್ಷೆಯಾಗಲಿ. ಹೊನ್ನಾಳಿ, ನ್ಯಾಮತಿ ಕಡೆಯ ಯಾವ ಮಠ ಕರೆದರೂ ಬಂದು ನೋಡಿ ವರದಿ ಬರೆದುಕೊಡುತ್ತೇನೆ. ಬಸ್ ಚಾರ್ಜೂ ಬೇಡ.