ಕಾಣುತ್ತಿದೆಯಲ್ಲ, ಇನ್ನೇನು?

ಸಕ್ಕರೆ ಕಾಯಿಲೆ ಇರುವ ಯಾವ ಗೃಹಿಣಿಯನ್ನಾದರೂ "ಕಣ್ಣು ತೋರಿಸಿಕೊಂಡಿರಾ?" ಎಂದು ಕೇಳಿ ನೋಡಿ. "ಚೆನ್ನಾಗಿಯೇ ಕಾಣುತ್ತಿದೆಯಲ್ಲ, ಅಕ್ಕಿಯಲ್ಲಿರೋ ಕಲ್ಲು ನಾನೇ ಆರಿಸ್ತೀನಿ" ಎನ್ನುತ್ತಾರೆ. ಈ ಉತ್ತರ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಾಣುತ್ತಿರುವಾಗಲೇ ತೋರಿಸಿಕೊಳ್ಳಬೇಕಾದ ಕಾಯಿಲೆ ಇದು.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ರಕ್ತನಾಳಗಳು ಕೂದಲಿಗಿಂತಲೂ ಸಣ್ಣವು. ವರ್ಷಗಟ್ಟಲೆ ಸಕ್ಕರೆ ಏರಿದ ರಕ್ತ ಹರಿದು ಅವುಗಳ ಗೋಡೆ ಸೋಲುತ್ತದೆ. ಕೆಲವು ಒಸರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಾಲದೆ ಹೋದಾಗ ಅಲ್ಲಿ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಅವೋ ತೀರ ದುರ್ಬಲ. ಅವು ಒಡೆದು ಕಣ್ಣೊಳಗೆ ರಕ್ತ ಸೋರಿದ ದಿನ ಎದುರಿಗೆ ಜೇಡರ ಬಲೆ ತೇಲಿದಂತಾಗುತ್ತದೆ. ಅಲ್ಲಿಯವರೆಗೂ ನೋವಿಲ್ಲ, ಉರಿಯಿಲ್ಲ, ಕೆಂಪಾಗುವುದೂ ಇಲ್ಲ.

ಕಾಯುವ ಈ ಅಭ್ಯಾಸ ನಮಗೆ ಪೊರೆಯಿಂದ ಬಂದದ್ದಿರಬೇಕು. 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದವರು. ಆ ಪುಣ್ಯಾತ್ಮರಿಗೆ ನಮಸ್ಕಾರ. ಆದರೆ "ಪೊರೆ ಬಲಿಯಲಿ, ಆಮೇಲೆ ತೆಗೆಸಿದರಾಯಿತು" ಎನ್ನುವ ಹಳೆಯ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಪೊರೆ ತೆಗೆದರೆ ಮರೆಯಾದ ದೃಷ್ಟಿ ಮರಳುತ್ತದೆ. ಅಕ್ಷಿಪಟಲ ಕೆಟ್ಟು ಹೋದ ದೃಷ್ಟಿ ಹೆಚ್ಚಿನಂಶ ಹೋದದ್ದೇ.

ನಮ್ಮ ಬೀದಿಯ ಒಬ್ಬರು ಮಂಜು ಮಂಜು ಎಂದು ಎರಡು ಸಲ ಕನ್ನಡಕ ಬದಲಾಯಿಸಿದರು. ಮನೆಯವರೆಲ್ಲ "ಚಾಳೀಸು, ವಯಸ್ಸಾಯ್ತಲ್ಲ" ಎಂದರು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರು ಕೊಡುತ್ತಾರೆ, ಅಷ್ಟೆ. ಕೊನೆಗೆ ಆಸ್ಪತ್ರೆ ಸೇರುವ ಹೊತ್ತಿಗೆ ಬಲಗಣ್ಣು ಕೈಬಿಟ್ಟಿತ್ತು. ಎಡಗಣ್ಣು ಲೇಸರ್‌ನಿಂದ ಉಳಿಯಿತು. ಈಗ ಬೀದಿಯಲ್ಲಿ ಹಬ್ಬಿರುವ ಸುದ್ದಿಯೇನು ಗೊತ್ತೆ? "ಲೇಸರ್ ಹೊಡೆಸಿ ಕಣ್ಣು ಹೋಯಿತಂತೆ!" ತಡ ಮಾಡಿದ್ದು ಮನೆ, ಬೈಗುಳ ಯಂತ್ರಕ್ಕೆ. ಈ ಚಿಕಿತ್ಸೆಯಿಂದ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಈಗಂತೂ ಕಣ್ಣಿಗೇ ಕೊಡುವ ಇಂಜೆಕ್ಷನ್‌ಗಳೂ ಇವೆ.

ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬರುವ ಬಗೆಯದಾದರೆ, ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗಣ್ಣು ನೋಡಿಸಬೇಕು. ಶುಗರ್ ಹತೋಟಿಯಲ್ಲಿದ್ದರೂ ಸರಿ. ಮೊದಲೇ ಕಾಯಿಲೆ ಇದ್ದು ಬಸಿರಾದವರು ಮೊದಲ ಮೂರು ತಿಂಗಳೊಳಗೇ ತೋರಿಸಬೇಕು. ಬಸಿರಿನಲ್ಲಿ ಇದು ಬೇಗ ಉಲ್ಬಣಿಸಬಹುದು.

ಹನಿ ಹಾಕಿದರೆ ಕೆಲವು ಗಂಟೆ ಎಲ್ಲ ಮಸುಕು, ಬಿಸಿಲು ಚುಚ್ಚುತ್ತದೆ, ಜೊತೆಗೆ ಯಾರಾದರೂ ಬೇಕು. ನಮ್ಮ ಹೆಂಗಸರನ್ನು ತಡೆಯುವುದು ಎಷ್ಟೋ ಸಲ ದುಡ್ಡಿಗಿಂತ ಹೆಚ್ಚಾಗಿ ಈ ಅರ್ಧ ದಿನ. ಯಜಮಾನರ ಶುಗರ್ ಪರೀಕ್ಷೆಗೆ ಫೈಲು ಹಿಡಿದು ಜೊತೆಗೆ ಹೋಗುವವಳು ಅವಳೇ. ಅವಳ ಸರದಿ ಬಂದಾಗ ಮಗನಿಗೆ ಆಫೀಸು, ಗಂಡನಿಗೆ ಮಧ್ಯಾಹ್ನದ ನಿದ್ದೆ. "ಮುಂದಿನ ತಿಂಗಳು ಹೋದರಾಯ್ತು" ಎಂದು ಅವಳೇ ಹೇಳಿಬಿಡುತ್ತಾಳೆ, ಅವರು ಒಪ್ಪಿಬಿಡುತ್ತಾರೆ. ಯಾಕೆ ಒಪ್ಪಬೇಕು? ಒಂದು ದಿನ ಬೆಳಗಿನ ಚಿತ್ರಾನ್ನವನ್ನೇ ಮಧ್ಯಾಹ್ನಕ್ಕೂ ತಿಂದರೆ ಯಾರ ಮನೆಯೂ ಮುಳುಗುವುದಿಲ್ಲ.